ನಾಡಕರ್ಣಿಯ ಲೆಕ್ಕ

ನಮ್ಮ ಸಂಘದ ಗೆಳೆಯರಿಗೆ ಒಂದು ಚಟವಿದೆ. ಮಹಾರಾಷ್ಟ್ರದಲ್ಲಿ ಯಾರೇ ದೊಡ್ಡವರಾಗಲಿ, ಅವರ ಅಜ್ಜನ ಊರು ಹುಡುಕುವುದು. ಅದು ಧಾರವಾಡವೋ ಕಾರವಾರವೋ ಆಗಿದ್ದರೆ 'ಅಂವಾ ನಮ್ಮಂವಾ' ಅಂತ ಮೇಜು ಕುಟ್ಟುವುದು. ಛತ್ರಪತಿ ಸಂಭಾಜಿನಗರಕ್ಕೆ ಓದಲು ಬಂದ ಕನ್ನಡದ ಹುಡುಗರು ನಾವು, ಊರಿನ ನೆನಪಿಗೆ ಇಷ್ಟಾದರೂ ಬೇಡವೇ ಅನ್ನಿ. ಮೊನ್ನೆಯ ಸಭೆಯಲ್ಲೂ ಹಾಗೇ ಆಯ್ತು. ಈ ಸಂಚಿಕೆಗೆ 'ಮರೆತುಹೋದ ಆಟಗಾರರು' ಎಂಬ ವಿಷಯ ಗೊತ್ತಾಗಿತ್ತು. ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಗೆಳೆಯನೊಬ್ಬ ಎದ್ದು ನಿಂತು, ಅಮೆರಿಕದ ಹಳೆಯ ಬಿಳಿಯ ಆಟಗಾರರಾದ ಜಾರ್ಜ್ ಮೈಕನ್, ಬಾಬ್ ಪೆಟಿಟ್ ಅಂಥವರನ್ನು ಇವತ್ತು ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಇದು ಅನ್ಯಾಯ ಅಂದ. 'ಅಷ್ಟು ದೂರ ಯಾಕೋ ಮಾರಾಯಾ, ಪಕ್ಕದ ನಾಸಿಕದ ಬಾಪು ನಾಡಕರ್ಣಿ ಇಲ್ಲೇನು?' ಅಂದ ಇನ್ನೊಬ್ಬ. ತಕ್ಷಣ ಮೇಜಿನ ಮೇಲೆ ಏಟು ಬಿತ್ತು: 'ನಾಡಕರ್ಣಿ ಅಂದ್ರ ನಮ್ಮಂವಾ!'

ಮೇಜಿನ ಸದ್ದು ಅಡಗಿದ ಮೇಲೆ ನನ್ನಲ್ಲಿ ಉಳಿದ ಕಸಿವಿಸಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಗೆಳೆಯರು ಸಿಟ್ಟಾಗಬಾರದು.

ಬಾಪು ನಾಡಕರ್ಣಿ ಹುಟ್ಟಿದ್ದು 1933ರ ಏಪ್ರಿಲ್ 4ರಂದು, ನಾಸಿಕದಲ್ಲಿ. ತೀರಿಕೊಂಡದ್ದು 2020ರ ಜನವರಿ 17ರಂದು, ಮುಂಬಯಿಯಲ್ಲಿ. ಈ ಎರಡು ತಾರೀಖುಗಳ ನಡುವೆ ಅವರು ಮಾಡಿದ್ದೇನು ಅಂತ ಕೇಳಿದರೆ ಕ್ರಿಕೆಟ್ ಬಲ್ಲವರು ಒಂದೇ ಸಂಗತಿ ಹೇಳುತ್ತಾರೆ. 1964ರ ಜನವರಿ 12ರಂದು ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಸತತ 131 ಚೆಂಡುಗಳಿಗೆ ಒಂದೂ ರನ್ ಕೊಡಲಿಲ್ಲ. ಒಂದರ ಹಿಂದೆ ಒಂದು 21 ಮೇಡನ್ ಓವರು. ಆ ಇನಿಂಗ್ಸಿನಲ್ಲಿ ಅವರ ಒಟ್ಟು ಲೆಕ್ಕ 32 ಓವರು, 27 ಮೇಡನ್, 5 ರನ್, ವಿಕೆಟ್ ಸೊನ್ನೆ. ಇದನ್ನು ಹೇಳುವವರು ಹೇಳುತ್ತಾ ನಗುತ್ತಾರೆ. ಜಿಪುಣ ಅಂದರೆ ಇಂಥವನಪ್ಪ, ಕೈಯಿಂದ ಒಂದು ರನ್ನೂ ಉದುರೋದಿಲ್ಲ ಅಂತ. ಕೊನೆಗೆ ಆ ಸೊನ್ನೆ ವಿಕೆಟ್ಟನ್ನು ಎತ್ತಿ ತೋರಿಸಿ, ಇಷ್ಟು ಮಾಡಿ ಏನು ಬಂತು ಅಂತ ಕೈ ತೊಳೆದುಕೊಳ್ಳುತ್ತಾರೆ.

ಏನು ಬಂತು? ಅದೇ ಸರಣಿಯ ಕೊನೆಯ ಪಂದ್ಯ ಕಾನ್ಪುರದಲ್ಲಿ. ಫಾಲೋಆನ್ ಆದ ಭಾರತ ಮತ್ತೆ ಬ್ಯಾಟು ಹಿಡಿಯಬೇಕಾಯಿತು. ಮೊದಲ ಇನಿಂಗ್ಸಿನಲ್ಲಿ 52 ಹೊಡೆದು ಔಟಾಗದೆ ಉಳಿದ ನಾಡಕರ್ಣಿ, ಎರಡನೆಯದರಲ್ಲಿ 122 ಹೊಡೆದು ಮತ್ತೆ ಔಟಾಗದೆ ಉಳಿದರು. ಪಂದ್ಯ ಉಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಮದ್ರಾಸಿನಲ್ಲಿ ಆಸ್ಟ್ರೇಲಿಯದ ವಿರುದ್ಧ 31 ರನ್ನಿಗೆ 5, 91 ರನ್ನಿಗೆ 6, ಒಂದೇ ಪಂದ್ಯದಲ್ಲಿ 11 ವಿಕೆಟ್ಟು. ಭಾರತ ಸೋತಿತು, ಅದು ಬೇರೆ ಮಾತು. 1968ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ 43 ರನ್ನಿಗೆ 6. ಭಾರತ ಹೊರದೇಶದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದದ್ದು ಆ ಪ್ರವಾಸದಲ್ಲಿ. 41 ಟೆಸ್ಟು, 88 ವಿಕೆಟ್ಟು, 1414 ರನ್ನು, ಓವರಿಗೆ ಸರಾಸರಿ 1.67 ರನ್ ಮಾತ್ರ ಕೊಟ್ಟ ಬೌಲಿಂಗು. ಇಷ್ಟೆಲ್ಲ ಇರುವ ಮನುಷ್ಯನನ್ನು ನಾವು ಒಂದು ಮಧ್ಯಾಹ್ನದೊಳಗೆ ಕೂಡಿಹಾಕಿ ಚಿಲಕ ಹಾಕಿದ್ದೇವೆ. ಒಂದೇ ಸಂಖ್ಯೆಯಿಂದ ನೆನೆಯುವುದೂ ಮರೆಯುವುದರ ಇನ್ನೊಂದು ದಾರಿಯೇ ಅಂತ ನನಗೆ ಅನಿಸುತ್ತದೆ.

ಇದು ಯಾರ ದುರುದ್ದೇಶವೂ ಅಲ್ಲ. ಆಟದ ರುಚಿ ಬದಲಾಯ್ತು. ಇಪ್ಪತ್ತು ಓವರುಗಳಲ್ಲಿ ಇನ್ನೂರು ರನ್ ನೋಡಿ ಬೆಳೆದ ನಮಗೆ ರನ್ ಕೊಡದೆ ಇರುವುದೂ ಒಂದು ದುಡಿಮೆ ಎಂಬುದು ತಲೆಗೆ ಹೋಗುವುದಿಲ್ಲ. ಐದು ದಿನದ ಆಟದಲ್ಲಿ ಒಂದು ತುದಿಯನ್ನು ಅಲ್ಲಾಡದಂತೆ ಹಿಡಿಯುವವನೊಬ್ಬ ಬೇಕು, ಆಗಲೇ ಇನ್ನೊಂದು ತುದಿಯಿಂದ ಹಾಕುವವನಿಗೆ ವಿಕೆಟ್ಟು ಸಿಗುವುದು. ಆದರೆ ವಿಕೆಟ್ ಬಿದ್ದಾಗ ಆ ಹಿಡಿದವನ ಹೆಸರು ಸ್ಕೋರು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ.

ಬ್ಯಾಸ್ಕೆಟ್‌ಬಾಲ್ ಗೆಳೆಯನ ಮೈಕನ್‌ನದೂ ಇದೇ ಕಥೆ. ಕನ್ನಡಕ ಹಾಕಿ ಆಡುತ್ತಿದ್ದ 6 ಅಡಿ 10 ಅಂಗುಲದ ಆಳು. ಬುಟ್ಟಿಯ ಕೆಳಗೆ ಅವನು ನಿಂತರೆ ಎದುರಾಳಿಗೆ ದಾರಿಯೇ ಇರಲಿಲ್ಲ. ಅವನೊಬ್ಬನಿಗೆ ಹೆದರಿ 1951ರಲ್ಲಿ ಬುಟ್ಟಿಯ ಮುಂದಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಹಿಗ್ಗಿಸಿದರು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡದವರು ಅವನ ಕೈಗೆ ಚೆಂಡು ಸಿಗದ ಹಾಗೆ ಹಿಡಿದುಕೊಂಡೇ ಕೂತು 19-18ರಲ್ಲಿ ಗೆದ್ದರು. ಸೋತವರ 18 ಅಂಕಗಳಲ್ಲಿ 15 ಅವನೊಬ್ಬನವೇ. ನೋಡಿದ ಜನಕ್ಕೆ ಬೇಸರ ಬಂತು. ಇಂಥ ಆಟಗಳಿಂದ ಬೇಸತ್ತೇ 1954ರಲ್ಲಿ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎಂಬ ಕಾಯಿದೆ ಬಂತು. ಆಟ ಓಡತೊಡಗಿತು, ಮೈಕನ್ ಹಿಂದೆ ಉಳಿದ. ಇವತ್ತಿಗೂ ಬುಟ್ಟಿಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಚೆಂಡು ಹಾಕುವ ಅಭ್ಯಾಸಕ್ಕೆ 'ಮೈಕನ್ ಡ್ರಿಲ್' ಅಂತಲೇ ಹೆಸರು. ಅದನ್ನು ಮಾಡುವ ಹುಡುಗರಿಗೆ ಮೈಕನ್ ಅಂದರೆ ಒಬ್ಬ ಮನುಷ್ಯ ಎಂಬುದೇ ಗೊತ್ತಿರುವುದಿಲ್ಲ. ಪೆಟಿಟ್‌ನಿಗೆ ಅಷ್ಟೂ ಉಳಿಯಲಿಲ್ಲ. 1958ರ ಏಪ್ರಿಲ್ 12ರಂದು, ಪ್ರಶಸ್ತಿ ನಿರ್ಧಾರವಾದ ಪಂದ್ಯದಲ್ಲಿ, ಒಬ್ಬನೇ 50 ಅಂಕ ಗಳಿಸಿ ಸೇಂಟ್ ಲೂಯಿ ತಂಡಕ್ಕೆ 110-109ರ ಗೆಲುವು ತಂದುಕೊಟ್ಟವನು ಅವನು.

ಇಲ್ಲಿಯವರೆಗೆ ಗೆಳೆಯನ ಜೊತೆ ನನಗೆ ತಕರಾರಿಲ್ಲ. ತಕರಾರು ಇರುವುದು ಅವನು ಒತ್ತಿ ಹೇಳಿದ 'ಬಿಳಿಯ' ಎಂಬ ಮಾತಿಗೆ. ಮೈಕನ್ ದೊಡ್ಡವನಾದ ಕಾಲದಲ್ಲಿ ಅವನ ಲೀಗಿನಲ್ಲಿ ಇದ್ದವರೆಲ್ಲ ಬಿಳಿಯರೇ ಯಾಕೆ? ಕರಿಯರಿಗೆ ಆಡಲು ಬರುತ್ತಿರಲಿಲ್ಲವೆ? 1948ರ ಫೆಬ್ರವರಿಯಲ್ಲಿ ಶಿಕಾಗೋದಲ್ಲಿ, ಕರಿಯರೇ ತುಂಬಿದ್ದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಮೈಕನ್‌ನ ಲೇಕರ್ಸ್ ತಂಡವನ್ನು 61-59ರಲ್ಲಿ ಸೋಲಿಸಿತು. ಆಡಲು ಬರುತ್ತಿತ್ತು, ಬಾಗಿಲು ಮುಚ್ಚಿತ್ತು, ಅಷ್ಟೆ. ಅರ್ಲ್ ಲಾಯ್ಡ್ ಎಂಬ ಮೊದಲ ಕರಿಯ ಆಟಗಾರ ಆ ಲೀಗಿನ ಅಂಗಳಕ್ಕೆ ಇಳಿದದ್ದು 1950ರ ಅಕ್ಟೋಬರ್ 31ರಂದು. ಪೆಟಿಟ್‌ನ 1958ರ ತಂಡ, ಬರೀ ಬಿಳಿಯರೇ ಇದ್ದು ಪ್ರಶಸ್ತಿ ಗೆದ್ದ ಕೊನೆಯ ತಂಡ. ಇದರಿಂದ ಮೈಕನ್ ಸಣ್ಣವನಾಗುವುದಿಲ್ಲ. ಬಾಗಿಲು ಹಾಕಿದವನು ಅವನಲ್ಲ. ಆದರೆ ಅವನನ್ನು ನೆನೆಯುವ ನಾವು ಆ ಬಾಗಿಲಿನ ಮಾತೇ ಎತ್ತದಿದ್ದರೆ, ಅದು ನೆನಪಲ್ಲ, ಜಾತಿ ಅಭಿಮಾನ.

ಜಾತಿ ಅಂದೆ. ಈಗ ನಮ್ಮ ಮೇಜಿಗೇ ಬರೋಣ.

ನಾಡಕರ್ಣಿ ಅಂದರೆ ನಾಡಿನ ಲೆಕ್ಕ ಬರೆಯುವವನು. ಹುದ್ದೆಯಿಂದ ಬಂದ ಮನೆತನದ ಹೆಸರು. ಅದರಲ್ಲಿ ಕನ್ನಡದ 'ನಾಡು' ಇದೆ ಎಂಬುದು ನಿಜ. ಹೆಸರು ನಮ್ಮದು, ಹುಟ್ಟಿದ ಊರು ಅವರದು. ಇದರ ತಿರುಗುಮುರುಗು ಒಬ್ಬರಿದ್ದಾರೆ. ಹೆಸರು ಕೊಂಕಣದ ಹಳ್ಳಿಯದು, ಹುಟ್ಟಿದ ಊರು ನಮ್ಮ ಧಾರವಾಡ. ಅವರೂ ಎಡಗೈ ಸ್ಪಿನ್ ಬೌಲರೇ. ಪಾಳವಣಕರ ಬಾಳು, ಹುಟ್ಟಿದ್ದು 1876ರಲ್ಲಿ, ಚಮ್ಮಾರರ ಮನೆಯಲ್ಲಿ. ಸಭೆಯಲ್ಲಿ ಈ ಹೆಸರು ತೆಗೆದಾಗ ಯಾರೂ ಮೇಜು ಕುಟ್ಟಲಿಲ್ಲ. ಯಾಕೆಂದರೆ ಯಾರೂ ಕೇಳಿರಲಿಲ್ಲ.

ಬಾಳು ಅವರ ಮೊದಲ ಕೆಲಸ ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಕ್ಲಬ್ಬು, 4 ರೂಪಾಯಿ. ಅಲ್ಲಿ ದೊರೆಗಳ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಹಾಕಿಯೇ ಬೌಲಿಂಗ್ ಕಲಿತರು. ಬ್ಯಾಟು ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ. ಬಿಳಿಯರನ್ನು ಸೋಲಿಸುವ ಆಸೆ ಹುಟ್ಟಿದಾಗ ಪುಣೆಯ ಹಿಂದೂಗಳು ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಬೇರೆ ಮಣ್ಣಿನ ಬಟ್ಟಲು. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಳು ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಹೆಚ್ಚಿನ ಪಂದ್ಯಗಳನ್ನು ಸೋತು ಬಂತು, ಬಾಳು 114 ವಿಕೆಟ್ ತೆಗೆದು ಬಂದರು. ಹಿಂದೂಗಳ ತಂಡಕ್ಕೆ ನಾಯಕರಾಗಲು ಮಾತ್ರ ಅವರನ್ನು ಬಿಡಲೇ ಇಲ್ಲ. ಆ ಗೌರವ 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಭಾರತ ಮೊದಲ ಟೆಸ್ಟ್ ಆಡುವ ಹೊತ್ತಿಗೆ 1932 ಬಂದಿತ್ತು. ಬಾಳು ಆಗ ಐವತ್ತು ದಾಟಿದ ಮುದುಕ.

ಇವರ ಬದುಕನ್ನೂ ಒಂದೇ ಬಣ್ಣದಲ್ಲಿ ಬರೆಯುವಂತಿಲ್ಲ. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳು ಒಬ್ಬರು. 1937ರ ಚುನಾವಣೆಯಲ್ಲಿ ಅವರು ನಿಂತದ್ದು ಅಂಬೇಡ್ಕರರ ಎದುರು. 11,225 ಮತ ಪಡೆದು, 13,245 ಮತ ಪಡೆದ ಅಂಬೇಡ್ಕರರಿಗೆ ಸೋತರು. ಸವರ್ಣರಿಗೆ ಅವರ ಜಾತಿ ಬೇಡವಾಗಿತ್ತು, ದಲಿತ ಚಳವಳಿಗೆ ಈ ಚುನಾವಣೆ ಮರೆಯುವಂಥದ್ದಾಗಿರಲಿಲ್ಲ. ಎರಡೂ ಕಡೆ ನೆನೆಯುವವರು ಕಡಿಮೆಯಾದರೆ ಆಶ್ಚರ್ಯವೇನು? 1955ರ ಜುಲೈನಲ್ಲಿ ಬಾಳು ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಾಡಕರ್ಣಿ ತಮ್ಮ ಮೊದಲ ಟೆಸ್ಟ್ ಆಡಿದರು.

ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುವ ಉದ್ದೇಶ ನನಗಿಲ್ಲ. ನಾಡಕರ್ಣಿ ಹುಟ್ಟುವ ಮೂರು ವರ್ಷ ಮೊದಲು, 1930ರ ಮಾರ್ಚ್ 2ರಂದು, ಅದೇ ನಾಸಿಕದಲ್ಲಿ ಅಂಬೇಡ್ಕರರು ಕಾಳಾರಾಮ ಗುಡಿಯ ಬಾಗಿಲ ಮುಂದೆ ಸತ್ಯಾಗ್ರಹಕ್ಕೆ ಕೂತಿದ್ದರು. ಯಾವ ಮಗುವೂ ಹುಟ್ಟುವಾಗ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ನೋಡಿ ಹುಟ್ಟುವುದಿಲ್ಲ. ನಾಡಕರ್ಣಿಯವರ ದುಡಿಮೆ ಅವರದೇ. ಆದರೆ ಮರೆವಿನಲ್ಲಿ ಎರಡು ಜಾತಿ ಇವೆ. ಆಟದ ರುಚಿ ಬದಲಾಗಿ ಮರೆತದ್ದು ಒಂದು. ಮೊದಲಿಂದಲೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳದೆ ಮರೆತದ್ದು ಇನ್ನೊಂದು. ಮೊದಲನೆಯದಕ್ಕೆ ಕಣ್ಣೀರು ಹಾಕುವ ಭರದಲ್ಲಿ ಎರಡನೆಯದನ್ನು ಮುಚ್ಚಬಾರದು ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಬೋರ್ಡು ಬರೆಸಿಬಿಡೋಣ, ಮೈದಾನಕ್ಕೆ ಹೆಸರಿಡೋಣ ಅನ್ನುವವರಿದ್ದಾರೆ. ನಾಸಿಕದಲ್ಲಿ ರಣಜಿ ಪಂದ್ಯ ನಡೆಯುವ ಮೈದಾನಕ್ಕೆ ಹುತಾತ್ಮ ಅನಂತ ಕಾನ್ಹೇರೆಯ ಹೆಸರಿದೆ. 1909ರ ಡಿಸೆಂಬರಿನಲ್ಲಿ ಕಲೆಕ್ಟರ್ ಜಾಕ್ಸನ್‌ನನ್ನು ಗುಂಡಿಟ್ಟು ಕೊಂದು ಗಲ್ಲಿಗೇರಿದ ಹುಡುಗ ಅವನು. ಓದಿದ್ದು ನಾವಿರುವ ಇದೇ ಊರಲ್ಲಿ, ಇದು ಔರಂಗಾಬಾದ್ ಆಗಿದ್ದ ಕಾಲದಲ್ಲಿ. ಅಲ್ಲಿ ಪಂದ್ಯ ನೋಡಿ ಬಂದ ಗೆಳೆಯರನ್ನು ಕೇಳಿದೆ, ಕಾನ್ಹೇರೆ ಯಾರು ಅಂತ. 'ಯಾರೋ ಹಳೇ ಪ್ಲೇಯರ್ ಇರಬೇಕು' ಅಂದರು. ಹೆಸರು ಬರೆಸುವುದು ಸಣ್ಣ ಕೆಲಸ ಅಂತಲೂ ಅಲ್ಲ. ಇಲ್ಲಿನ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಲು 1978ರಲ್ಲಿ ನಿರ್ಣಯವಾಗಿ, ಅದು ನಿಜವಾದದ್ದು 1994ರಲ್ಲಿ. ನಡುವಿನ ವರ್ಷಗಳಲ್ಲಿ ದಲಿತರ ಮನೆಗಳು ಸುಟ್ಟವು, ಪ್ರಾಣಗಳು ಹೋದವು. ಅಂಥ ಬೆಲೆ ತೆತ್ತ ಹೆಸರನ್ನು ನಾವು ದಿನಾ ಬಸ್ಸಿನ ಕಿಟಕಿಯಿಂದ ನೋಡಿಯೂ ನೋಡದ ಹಾಗೆ ಹೋಗುತ್ತೇವೆ.

ಅದಕ್ಕೆ ಒಂದು ಸೂಚನೆ. ಮುಂದಿನ ಸಂಚಿಕೆಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಒಬ್ಬ ಆಟಗಾರನ ಬಗ್ಗೆ ಬರೆಯಿರಿ, ಕುಸ್ತಿಯಾಗಲಿ, ಖೊ-ಖೊ ಆಗಲಿ. ಆಡಿದ ಪಂದ್ಯ, ಗಳಿಸಿದ ಅಂಕ ಸರಿಯಾಗಿ ಬರೆಯಿರಿ. ಕೆಳಗೆ ಇನ್ನೊಂದು ಸಾಲು: ಅವನ ಜೊತೆ ಆಡಬೇಕಾಗಿದ್ದು ಆಡಲು ಬಿಡದವರು ಯಾರು ಯಾರು? ನಾಡಕರ್ಣಿಯ ಹಾಗೆ ಲೆಕ್ಕ ಬಿಗಿಯಾಗಿರಲಿ, ಒಂದು ರನ್ನೂ ಸೋರಿಹೋಗಬಾರದು.

ಅದೆಲ್ಲ ಬಂದ ಮೇಲೆ ಬೇಕಾದರೆ ಮೇಜು ಕುಟ್ಟೋಣ. ಆಗ ನಾನೂ ಒಂದು ಏಟು ಹಾಕ್ತೀನಿ.