ಕೋಳಿ ಆಹಾರದ ಐದು ವರ್ಷ: ಮಾಂಸದ ಲೆಕ್ಕ ಇಟ್ಟವರಿಲ್ಲ

ಬ್ರಾಯ್ಲರ್ ಕೋಳಿಯ ಆಹಾರದ ಮಟ್ಟಿಗೆ 2019ರಿಂದ 2024ರವರೆಗಿನ ಕಾಲ ನೆಮ್ಮದಿಯದಲ್ಲ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಬಳಕೆಯನ್ನು ನಿಷೇಧಿಸಿತು. ರೋಗಿಗಳಿಗೆ ಕೊನೆಯ ಆಸರೆಯಾದ ಔಷಧವನ್ನು ಮರಿಗಳ ತೂಕ ಹೆಚ್ಚಿಸಲು ಫೀಡ್‌ಗೆ ಬೆರೆಸುವುದಕ್ಕೆ ಬಿದ್ದ ಈ ತಡೆಯೇ ಈ ಅವಧಿಯ ದೊಡ್ಡ ಗಳಿಕೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ವಿಪರೀತ ಏರಿ, ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿಗೆ ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನ ಎಥೆನಾಲ್‌ಗೆ ಕಡಿವಾಣ ಬಿದ್ದ ಮೇಲೆ ಡಿಸ್ಟಿಲರಿಗಳು ಮೆಕ್ಕೆಜೋಳದತ್ತ ತಿರುಗಿದವು. ದಾವಣಗೆರೆ, ಹಾವೇರಿಯ ಬೆಳೆಗಾರರಿಗೆ ಬೇಡಿಕೆ ಹೆಚ್ಚಿತು, ಅದು ಸಂತೋಷದ ಸಂಗತಿಯೇ. ಆದರೆ ಕೋಳಿ ತಿನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದೇ ಕಾಳಿನದು. ಅದು ತುಟ್ಟಿಯಾದಾಗ ಅಕ್ಕಿ ತೌಡು, ಡಿಸ್ಟಿಲರಿಯಲ್ಲಿ ಉಳಿಯುವ ಕಾಳಿನ ಶೇಷವಾದ ಡಿಡಿಜಿಎಸ್ ಫೀಡ್ ಚೀಲ ಸೇರುತ್ತವೆ.

ಇಷ್ಟೆಲ್ಲ ಬದಲಾಗುವಾಗ ಚರ್ಚೆಯಾದದ್ದು ಕಿಲೋ ಫೀಡ್‌ನ ದರ ಮತ್ತು ಎಫ್‌ಸಿಆರ್, ಅಂದರೆ ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಆಹಾರ ಎಂಬುದು. ಮಾಂಸ ಏನಾಯಿತೆಂದು ಕೇಳಿದವರು ಕಡಿಮೆ. ಇದು ನಮ್ಮನ್ನು ಕಾಡುತ್ತಿದೆ.

ಹಸು ತಿಂದ ಎಣ್ಣೆಯಂಶ ಅದರ ಮೊದಲ ಹೊಟ್ಟೆಯಲ್ಲೇ ರೂಪ ಬದಲಿಸುತ್ತದೆ. ಕೋಳಿಗೆ ಆ ಏರ್ಪಾಡಿಲ್ಲ. ತಿಂದ ಎಣ್ಣೆಯ ಗುಣ ಬಹುಮಟ್ಟಿಗೆ ಹಾಗೆಯೇ ಅದರ ಕೊಬ್ಬಿಗೆ ಇಳಿಯುತ್ತದೆ. ಮೀನೆಣ್ಣೆ ಹೆಚ್ಚಾದರೆ ಸಾರಿನಲ್ಲೂ ಮೀನಿನ ವಾಸನೆ. ಡಿಡಿಜಿಎಸ್‌ನಲ್ಲಿ ಉಳಿದ ಮೆಕ್ಕೆಜೋಳದ ಎಣ್ಣೆ ಮಿತಿಮೀರಿದರೆ ಕೊಬ್ಬು ಮೆತ್ತಗಾಗುತ್ತದೆ. ಅಗಸೆ ಬೀಜ ಕೊಟ್ಟರೆ ಒಮೆಗಾ-3 ಹೆಚ್ಚುತ್ತದೆ, ಆದರೆ ಜೊತೆಗೆ ಸಾಕಷ್ಟು ವಿಟಮಿನ್ ಇ ಇಲ್ಲದಿದ್ದರೆ ಆ ಮಾಂಸ ಬೇಗ ಕಮಟು ಹಿಡಿಯುತ್ತದೆ. ಪ್ರೋಟೀನ್ ತಗ್ಗಿ ಶಕ್ತಿ ಹೆಚ್ಚಾದ ಆಹಾರದಿಂದ ಹೊಟ್ಟೆಯ ಕೊಬ್ಬು ಬೆಳೆಯುತ್ತದೆ. ಗಿರಾಕಿ ಅದಕ್ಕೂ ದುಡ್ಡು ಕೊಡುತ್ತಾನೆ. ಹಳದಿ ಮೆಕ್ಕೆಜೋಳ ಚರ್ಮಕ್ಕೆ ಬಣ್ಣ ಕೊಡುತ್ತದೆ, ಸ್ಕಿನ್‌ಲೆಸ್ ಕೇಳುವವರಿಗೆ ಅದು ಮುಖ್ಯವಲ್ಲ.

ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಮಾತ್ರ ಎಲ್ಲರಿಗೂ ಮುಖ್ಯ. ಪಿಷ್ಟವೆಲ್ಲ ಎಥೆನಾಲ್ ಆದಮೇಲೆ ಕಾಳಿನಲ್ಲಿದ್ದ ಅಫ್ಲಾಟಾಕ್ಸಿನ್ ಡಿಡಿಜಿಎಸ್‌ನಲ್ಲಿ ಸುಮಾರು ಮೂರು ಪಟ್ಟು ದಟ್ಟವಾಗುತ್ತದೆ. ಮೊದಲು ಕೆಡುವುದು ಕೋಳಿಯ ಯಕೃತ್ತು.

ಗುತ್ತಿಗೆಯಲ್ಲಿ ಸಾಕುವ ರೈತನಿಗೆ ಮರಿಯೂ ಫೀಡೂ ಕಂಪನಿಯಿಂದಲೇ ಬರುತ್ತವೆ, ಸಾಕಾಣಿಕೆ ದರ ಎಫ್‌ಸಿಆರ್ ನೋಡಿ ನಿರ್ಧಾರವಾಗುತ್ತದೆ. ಮಿಶ್ರಣದಲ್ಲಿ ಅವನ ಮಾತು ನಡೆಯದು, ಹಾಗಾಗಿ ಮಾಂಸದ ಗುಣದ ಹೊಣೆಯನ್ನು ಅವನ ತಲೆಗೆ ಕಟ್ಟುವುದು ಅನ್ಯಾಯ. ಕೊನೆಯ ಎರಡು ವಾರ ಕೊಡುವ ಫಿನಿಷರ್ ಫೀಡ್‌ನಲ್ಲಿ ಯಾವ ಎಣ್ಣೆ, ಎಷ್ಟು ಡಿಡಿಜಿಎಸ್ ಇದೆ ಎಂಬುದನ್ನು ಕಂಪನಿಗಳು ಚೀಲದ ಮೇಲೆ ಮುದ್ರಿಸಲಿ. ಆಯಾ ಬ್ಯಾಚಿನ ಅಫ್ಲಾಟಾಕ್ಸಿನ್ ವರದಿಯೂ ರೈತನ ಕೈಗೆ ಸಿಗಲಿ.