ಮುಚ್ಚಳ ತೆಗೆಯುವ ಮುಂಚೆ

"ಮೆಕ್ಯಾನಿಕ್‌ಗಳೆಲ್ಲಾ ಕಳ್ಳರು, ಯೂಟ್ಯೂಬ್ ನೋಡಿ ನೀನೇ ಮಾಡ್ಕೋ" ಅನ್ನೋ ಗೆಳೆಯರಿದ್ದಾರೆ. "ಆ ಡಬ್ಬ ಮಾರಿ ಇಎಂಐ ಮೇಲೆ ಹೊಸದು ತಗೋ" ಅನ್ನೋರೂ ಇದ್ದಾರೆ. ಎರಡೂ ಗುಂಪಿನ ಮೇಲೆ ನನಗೀಗ ಸಿಟ್ಟಿದೆ. ಕಾರಣ ಅಪ್ಪನ 2004ರ ಮಾರುತಿ 800.

ಏಪ್ರಿಲ್ ಮಧ್ಯಾಹ್ನ. ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿದು ಬುಕ್ಕಸಾಗರಕ್ಕೆ ಬರ್ತಿದ್ದೆ. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರ್, ಓವರ್‌ಟೇಕ್ ಮಾಡೋಕೆ ಜಾಗವಿಲ್ಲ. ಎರಡನೇ ಗೇರಲ್ಲಿ ತೆವಳ್ತಾ ತೆವಳ್ತಾ ಮುಳ್ಳು ಕೆಂಪಿಗೆ ಹೋಯ್ತು. ಬಾಳೆತೋಟದ ಪಕ್ಕ ನಿಲ್ಲಿಸಿ, ಕಾಲುವೆಯಿಂದ ಬಾಟಲಿ ನೀರು ತಂದು, ಐದೇ ನಿಮಿಷಕ್ಕೆ ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಮೊಣಕೈವರೆಗಿನ ಕಲೆ ಇನ್ನೂ ಹೋಗಿಲ್ಲ.

ಎಂಜಿನಿಯರಿಂಗ್ ಓದಿದವನು ಸ್ವಾಮಿ ನಾನು. ಒತ್ತಡದಲ್ಲಿರೋ ನೀರು ನೂರು ಡಿಗ್ರಿ ದಾಟಿದರೂ ಕುದಿಯಲ್ಲ, ಮುಚ್ಚಳ ಸಡಿಲಿಸಿದ ಕ್ಷಣ ಒಮ್ಮೆಲೇ ಉಕ್ಕುತ್ತೆ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವನು. ಅದೇ ಕುಕ್ಕರ್ ಆಗಿದ್ರೆ ಅಮ್ಮ ಹತ್ತಿರ ಸೇರಿಸ್ತಿರಲಿಲ್ಲ.

ಆಗಲೂ ಬುದ್ಧಿ ಬರಲಿಲ್ಲ. ಆ ವೀಕೆಂಡ್ ನಾನೇ ಹೋಸ್ ಬದಲಿಸಿದೆ, ಕೂಲಂಟ್ ತುಂಬಿದೆ, ಗ್ರೀಸ್ ಮೆತ್ತಿದ ಕೈಯ ಫೋಟೋ ಸ್ಟೇಟಸ್‌ಗೆ ಹಾಕಿದೆ. ಮುಂದಿನ ವಾರ ಮುಳ್ಳು ಮತ್ತೆ ಏರಿತು, ಆಮೇಲೆ ಇದ್ದಕ್ಕಿದ್ದಂತೆ ಸೊನ್ನೆಗೆ ಇಳೀತು. ಸರಿಹೋಯ್ತು ಅಂದುಕೊಂಡು ಮನೆವರೆಗೂ ಓಡಿಸಿದೆ. ಸರಿಹೋಗಿರಲಿಲ್ಲ. ನೀರೆಲ್ಲಾ ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿತ್ತು. ಅಲ್ಯೂಮಿನಿಯಂ ಹೆಡ್ ಬಾಗಿತು, ಗ್ಯಾಸ್ಕೆಟ್ ಹೋಯ್ತು. ಹೋಸಿನಲ್ಲಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಕೈಬಿಟ್ಟಿತು.

ನನ್ನ ತಪ್ಪು ಸ್ಪ್ಯಾನರ್ ಹಿಡಿದದ್ದಲ್ಲ. ಏನು ಕೆಟ್ಟಿದೆ ಅಂತ ಗೊತ್ತಿಲ್ಲದೇ ಹಿಡಿದದ್ದು. "ನಾನಾ, ಮೆಕ್ಯಾನಿಕ್ಕಾ?" ಅನ್ನೋದು ಎರಡನೇ ಪ್ರಶ್ನೆ ಮಾರಾಯ್ರೇ. ಟ್ರಾಫಿಕ್ಕಲ್ಲಿ ಕಾಯುತ್ತೆ, ಹೈವೇಲಿ ತಣ್ಣಗಿರುತ್ತೆ ಅಂದ್ರೆ ಮೊದಲು ಫ್ಯಾನ್ ನೋಡಿ: ಫ್ಯೂಸು, ರಿಲೇ, ಸ್ವಿಚ್ಚು. ಹೈವೇಲೇ ಕಾಯೋದಾದ್ರೆ ರೇಡಿಯೇಟರ್ ಕಟ್ಟಿರಬಹುದು, ಪಂಪ್ ಅಥವಾ ಥರ್ಮೋಸ್ಟಾಟ್ ಹೋಗಿರಬಹುದು. ವರ್ಷಗಟ್ಟಲೆ ಬೋರ್‌ವೆಲ್ ಗಡಸು ನೀರು ಕುಡಿಸಿದ ರೇಡಿಯೇಟರ್ ಒಳಗೆ, ನಮ್ಮ ಮನೆ ಗೀಸರ್ ಕಾಯಿಲ್ ಥರಾನೇ, ಬಿಳಿ ಪೊರೆ ಕಟ್ಟುತ್ತೆ. ಎಲ್ಲೂ ಸೋರದೇ ಕೂಲಂಟ್ ಕಮ್ಮಿಯಾಗ್ತಿದ್ರೆ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ, ಕೈ ಕಟ್ಟಿ ನಿಲ್ಲಿ. ಅದು ಗ್ಯಾಸ್ಕೆಟ್. ಟಾರ್ಕ್ ರೆಂಚ್ ಇಲ್ಲದ, ಹೆಡ್ ಸಮ ಮಾಡೋ ಮಷೀನ್ ಇಲ್ಲದ ನಿಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನ ಕೆಲಸ ಅಲ್ಲ.

ಇದನ್ನೆಲ್ಲಾ ಪತ್ತೆ ಮಾಡೋಕೆ ಕಣ್ಣು ಸಾಕು, ಆದರೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಆಮೇಲೆ ಹೋಸು, ಕ್ಯಾಪು, ಫ್ಯೂಸು, ಥರ್ಮೋಸ್ಟಾಟ್ ನೀವೇ ಬದಲಿಸಿ, ಯಾರು ಬೇಡ ಅಂದ್ರು?

ಮೋಸ ಮಾಡೋ ಮೆಕ್ಯಾನಿಕ್ ಇಲ್ಲ ಅಂತಲ್ಲ. ಹಿಂದೆ ಒಬ್ಬ, "ನಮ್ಮ ಬಿಸಿಲಿಗೆ ಇದು ಬೇಡ ಸಾರ್" ಅಂತ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿದ್ದ. ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡೀತು, ಕಾಯಿಲೆ ಹಾಗೇ ಉಳೀತು. ಅವನನ್ನ ಬೈದು ಏನು ಪ್ರಯೋಜನ? ಏನನ್ನ ಕಿತ್ತೆ ಅಂತ ನಾನು ಕೇಳಿರಲೇ ಇಲ್ಲ.

ಇನ್ನು ಮಾರಿಬಿಡು ಅನ್ನೋರು. 800ರ ತಯಾರಿಕೆ 2014ರಲ್ಲೇ ನಿಂತಿದ್ದರೂ ಬಿಡಿಭಾಗ ಸಿಗ್ತಿದೆ. ಒಂದು ವರ್ಷದ ಇಎಂಐ ಲೆಕ್ಕ ಹಾಕಿ, ನನ್ನ ಹೆಡ್ ರಿಪೇರಿ ಬಿಲ್ ಪಕ್ಕ ಇಟ್ಟು ಮಾತಾಡಿ.

ಅಪ್ಪ ಈಗ ಕೂಲಂಟ್ ಡಬ್ಬಿ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದಾರೆ, ದಿನಾ ಬೆಳಗ್ಗೆ ನೋಡ್ತಾರೆ. ನಿನ್ನೆ ಫೋನ್ ಬಂತು. ಗೆರೆಗಿಂತ ಒಂದು ಬೆರಳು ಕೆಳಗಿದೆಯಂತೆ, ನೆಲ ಒಣಗಿದೆಯಂತೆ. ಗಾಡಿ ತೆಗೀಬೇಡಿ ಅಂದಿದ್ದೀನಿ. ಶನಿವಾರ ಊರಿಗೆ ಹೋಗ್ತಿದ್ದೀನಿ, ಬಸ್ಸಲ್ಲಿ.