ಮೋಹಿನೀಯಂತ್ರವೂ ಡಿಜಿಟಲ್ ಸಹಿಯೂ

2003ರಲ್ಲಿ ಪ್ರಸಾರವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಕಿರುಸರಣಿಯಲ್ಲಿ ‘ನಂಬರ್ ಸಿಕ್ಸ್’ ಎಂಬ ಮಾನವರೂಪಿ ಯಂತ್ರಸುಂದರಿ ವಿಜ್ಞಾನಿ ಬಾಲ್ಟರ್‌ನನ್ನು ಮೋಹಗೊಳಿಸಿ ರಕ್ಷಣಾ ಗಣಕವ್ಯವಸ್ಥೆಯನ್ನೇ ಪ್ರವೇಶಿಸುತ್ತಾಳೆ. ಇವಳು ‘ಮುದ್ರಾರಾಕ್ಷಸ’ದ ವಿಷಕನ್ಯೆಯ ವಂಶದವಳು.

ಇದನ್ನು ಕೇವಲ ಕಥೆಯೆಂದು ತಳ್ಳಿಹಾಕುವಂತಿಲ್ಲ. 2024ರಲ್ಲಿ ಬೆಳಕಿಗೆ ಬಂದ ಹಾಂಗ್‌ಕಾಂಗ್ ಪ್ರಕರಣದಲ್ಲಿ, ವೀಡಿಯೋ ಸಭೆಯಲ್ಲಿ ಕಂಡ ಯಂತ್ರನಿರ್ಮಿತ ಮೇಲಧಿಕಾರಿಗಳನ್ನು ನಂಬಿ ನೌಕರರೊಬ್ಬರು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು.

ನಿಪ್ಪಾಣಿಯ ತಂಬಾಕು ವ್ಯಾಪಾರಿಗಳಾಗಲಿ, ಅಥಣಿಯ ಪಾದರಕ್ಷೆ ತಯಾರಕರಾಗಲಿ, ಡಿಜಿಟಲ್ ಸಹಿಯ ಟೋಕನ್ನನ್ನು ಗುಮಾಸ್ತರ ಅಥವಾ ಲೆಕ್ಕಪರಿಶೋಧಕರ ಕಪಾಟಿನಲ್ಲಿ ಬಿಡುವುದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಹಿಯ ಕೀಲಿಯನ್ನು ಎಚ್ಚರಿಕೆಯಿಂದ ಕಾಪಾಡುವ ಹೊಣೆಯನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಕಲಮು ಸಹಿದಾರರ ಮೇಲೆಯೇ ಹೊರಿಸಿದೆ. ದೊಡ್ಡ ಪಾವತಿಗೆ ಇಬ್ಬರ ಒಪ್ಪಿಗೆಯೂ ಪರಿಚಿತ ದೂರವಾಣಿಗೆ ಮರುಕರೆಯೂ ಕಡ್ಡಾಯವಾಗಲಿ. ವಂಚನೆಯಾದೊಡನೆ 1930ಕ್ಕೆ ತಿಳಿಸಿರಿ; ಟೋಕನ್ನನ್ನು ಇಂದೇ ಮರಳಿ ಪಡೆಯಿರಿ.